ಮೀನುಮರಿಗೂ ಬೇಕು ಉಪ್ಪುನೀರಿನ ಸ್ನಾನ

ನಿಮಗಿದು ಗೊತ್ತೆ? ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಬಹಳ ಹೆಚ್ಚು. ಹೀಗಾಗಿ ಕಿವಿರುಗಳ ಮೂಲಕ ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ, ಲವಣ ಸೋರುತ್ತಲೇ ಇರುತ್ತದೆ. ಇದನ್ನು ಸರಿದೂಗಿಸಲು ಮೀನು ಹಗಲೂ ರಾತ್ರಿ ಶಕ್ತಿ ವ್ಯಯಿಸಬೇಕು. ಸಾಗಾಟದಲ್ಲಿ ಬಳಲಿದ ಮರಿಗೆ ಆ ತ್ರಾಣ ಎಲ್ಲಿಂದ ಬರಬೇಕು? ನೀರಿಗೆ ತುಸು ಉಪ್ಪು ಬೆರೆಸಿದರೆ ಹೊರೆ ಹಗುರಾಗುತ್ತದೆ.

ಬೀದರ್ ಜಿಲ್ಲೆಯ ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಡುವವರಿಗೆ ಒಂದು ಬಕೆಟ್ ಸಾಕು. 10 ಲೀಟರ್ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪು ಕರಗಿಸಿ, ಮರಿಗಳನ್ನು ಬಲೆಯಲ್ಲಿಟ್ಟು ಎರಡು–ಮೂರು ನಿಮಿಷ ಅದ್ದಿ ತೆಗೆಯಬೇಕು. ಮೈಗೂ ಕಿವಿರಿಗೂ ಅಂಟಿದ ಟ್ರೈಕೋಡಿನಾದಂಥ ಸೂಕ್ಷ್ಮ ಪರೋಪಜೀವಿಗಳ ಕಾಟ ತಗ್ಗುತ್ತದೆ. ಮರಿ ಮಗ್ಗುಲಾಯಿತೋ, ಗಡಿಯಾರ ನೋಡದೆ ತಕ್ಷಣ ಎತ್ತಿ.

ನೀರಿನಲ್ಲಿ ನೈಟ್ರೈಟ್ ಹೆಚ್ಚಾಗಿ ಮೀನಿನ ರಕ್ತ ಕಂದಾಗುವ ಕಾಯಿಲೆಗೂ ಉಪ್ಪೇ ಮದ್ದು. ಅದರ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನು ತಡೆಯುತ್ತದೆ.

ಹಾಗೆಂದು ಚೀಲಗಟ್ಟಲೆ ಸುರಿಯಬಾರದು. 10 ಲಕ್ಷ ಲೀಟರ್ ಹೊಂಡವನ್ನು ಶೇ 0.1ರಷ್ಟು ಉಪ್ಪಾಗಿಸಲು 1 ಟನ್ ಬೇಕು! ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಅದೇ ನೀರನ್ನು ಹೊಲಕ್ಕೆ ಹಾಯಿಸಿದರೆ ಬೆಳೆಗೂ ಮಣ್ಣಿಗೂ ಕೇಡು.

ಅಂದಹಾಗೆ, ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಕಡಲಿಲ್ಲದ ಬೀದರ್. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ಅದರ ಅಧೀನದಲ್ಲಿದೆ.