ನಿಮಗಿದು ಗೊತ್ತೆ? ಸೊನಾಟಾಗೆ ಒಲಿದ ಮೈಸೂರು ದೊರೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಒಂದೇ ವಾದ್ಯಕ್ಕಾಗಿ, ಇಲ್ಲವೇ ಪಿಯಾನೊ ಜೊತೆಗೂಡಿದ ಇನ್ನೊಂದು ವಾದ್ಯಕ್ಕಾಗಿ ರಚಿಸಿದ ದೀರ್ಘ ಕೃತಿಗೆ ಸಾಮಾನ್ಯವಾಗಿ ಸೊನಾಟಾ ಎಂದು ಹೆಸರು. ಇಂತಹ 14 ಪಿಯಾನೊ ಸೊನಾಟಾಗಳನ್ನು ಬರೆದೂ ಲಂಡನ್ನಿನಲ್ಲಿ ಎಲೆಮರೆಯ ಬಾಳು ಸಾಗಿಸುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು, ಸ್ವತಃ ಪಿಯಾನೊ ವಾದನದಲ್ಲಿ ನುರಿತಿದ್ದ ಮೈಸೂರಿನ ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು, ಎಂದರೆ ವಾದ್ಯವೃಂದದೊಡನೆ ನುಡಿಸುವ ಕೃತಿಯನ್ನು, ಅವರಿಗೇ ಅರ್ಪಿಸಿದರು. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ ಧ್ವನಿಮುದ್ರಿಕೆಯ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಸುತ್ತಿದ್ದುದರಿಂದ, ರಸಿಕರು ಕೃತಿಯ ನಡುವೆಯೇ ಮತ್ತೆ ಮತ್ತೆ ಎದ್ದು ತಟ್ಟೆಯನ್ನು ಮಗುಚಬೇಕಾಗುತ್ತಿತ್ತು.

ಮೆಟ್ನರ್ ಅವರ ‘ಸೊನಾಟಾ ರೆಮಿನಿಸೆಂಜಾ’, ಅಂದರೆ ನೆನಪಿನ ಸೊನಾಟಾ, ಒಂದೇ ಭಾಗದ್ದು. ಅದರ ಆರಂಭದ ಶಾಂತ ಧಾಟಿ ನಡುವೆಯೂ ಕೊನೆಯಲ್ಲಿಯೂ ಮರಳಿ ಬರುವುದರಿಂದ ಪಲ್ಲವಿಗೆ ಒಗ್ಗಿದ ಕಿವಿಗೆ ಅದು ಅಷ್ಟೇನೂ ಪರಕೀಯವೆನಿಸದು. ಮೆಟ್ನರ್ ಅವರಿಗೆ ನೆರವಾದ ಇದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದ್ದಾರೆ.