ಮಂಡೆಬಿಸಿಯೂ ಎದೆನೋವೂ: ಹೊಟೇಲ್ ಮಾಲಕರು ತಿಳಿದಿರಬೇಕಾದ ಸಂಗತಿ



ನಮ್ಮ ಉದ್ಯಮದಲ್ಲಿ ರಜೆ ಎಂಬ ಶಬ್ದಕ್ಕೆ ಹೆಚ್ಚು ಅರ್ಥವಿಲ್ಲ. ಗೋರೆಗಾಂವ್ ಸ್ಟೇಷನ್ನಿನ ಪೂರ್ವ ಪಶ್ಚಿಮಗಳೆರಡರಲ್ಲೂ, ಎಸ್.ವಿ. ರೋಡಿನಲ್ಲೂ ಆರೆ ರಸ್ತೆಯಲ್ಲೂ ನಮ್ಮವರ ಶಟರು ಬೆಳಕು ಹರಿಯುವ ಮೊದಲೇ ಏರುತ್ತದೆ. ಹಾಲಿನ ಕ್ರೇಟು ಇಳಿಸಿಕೊಂಡು ಶುರುವಾದ ದಿನ, ರಾತ್ರಿ ಗಲ್ಲಾ ಎಣಿಸಿ, ನಾಳೆಯ ತರಕಾರಿಗೆ ಫೋನು ಮಾಡಿ ಮುಗಿಯುವಾಗ ಹನ್ನೆರಡು ದಾಟಿರುತ್ತದೆ. ನಡುವೆ ಮನೆಗೆ ಹೋಗಿ ಊಟ, ಸ್ವಲ್ಪ ಅಡ್ಡ ಬಿದ್ದು ಬರುವುದನ್ನು ಕಳೆದರೂ ದಿನಕ್ಕೆ ಹದಿನಾಲ್ಕು ಗಂಟೆ ಎಂದು ಹಿಡಿಯಿರಿ. ವಾರಕ್ಕೆ 98 ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಗೂಡಿ 2021ರ ಮೇ ತಿಂಗಳಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಲೋಕದಲ್ಲಿ ಹೀಗೆ ಸತ್ತವರು ಏಳು ಲಕ್ಷ ನಲವತ್ತೈದು ಸಾವಿರ ಎಂದು ಅವರ ಅಂದಾಜು. ಅವರಿಗೆ 55 ಗಂಟೆಯೇ ಬಹಳ. ನಮ್ಮಲ್ಲಿ ಅದು ಗುರುವಾರ ರಾತ್ರಿಯೊಳಗೇ ಮುಗಿದಿರುತ್ತದೆ.

ಕೆಲಸ ಹೆಚ್ಚಾದರೆ ಮೈ ದಣಿಯುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮವರ ದಣಿವಿನಲ್ಲಿ ಮೈಯದ್ದು ಅರ್ಧ ಮಾತ್ರ. ಉಳಿದರ್ಧ ಮಂಡೆಬಿಸಿ. ಭಟ್ಟರು ಊರಿಗೆ ಹೋದವರು ತಿರುಗಿ ಬಂದಿಲ್ಲ, ಲೈಸೆನ್ಸು ನವೀಕರಣದ ಕಾಗದ ಎಲ್ಲೋ ನಿಂತಿದೆ, ಕಂಡಕ್ಟಿಂಗ್‌ಗೆ ಪಡೆದ ಹೊಟೇಲಿನ ಕರಾರು ಮುಗಿಯುತ್ತಾ ಬಂತು, ಮೊಬೈಲಿನಲ್ಲಿ ಯಾರೋ ಸಾಂಬಾರಿಗೆ ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಇವುಗಳಿಗೆ ಬಿ.ಪಿ. ಮೆಷಿನ್ನಿನ ಹಾಗೆ ಅಳತೆಯಿಲ್ಲವೆಂದು ನಾವು ಇದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಬೇಕು ಎನ್ನುವುದೇ ಈಚಿನ ಸಂಶೋಧನೆಗಳ ತಾತ್ಪರ್ಯ.

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ಭಾರತವೂ ಸೇರಿ 52 ದೇಶಗಳಿದ್ದವು. ಮೊದಲ ಸಲ ಹೃದಯಾಘಾತವಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆರೋಗ್ಯವಂತರ ಜೊತೆ ಇಟ್ಟು ನೋಡಿ ಕೆಲಸ, ಮನೆ, ಹಣ, ದುಃಖ ಎಲ್ಲವನ್ನೂ ಕೇಳಿದರು. ಸದಾಕಾಲ ಒತ್ತಡದಲ್ಲಿದ್ದೆವು ಎಂದವರಲ್ಲಿ ಆಘಾತದ ಸಂಭವ, ಒತ್ತಡವಿಲ್ಲದವರ ಎರಡು ಪಟ್ಟಿನಷ್ಟಿತ್ತು. ಬೀಡಿ ಸಿಗರೇಟಿನ ಪಾಲನ್ನು ಬೇರೆ ಮಾಡಿ ನೋಡಿದರೂ ಹಾಗೆಯೇ. ಅದೇ ಅಧ್ಯಯನದಿಂದ 2007ರಲ್ಲಿ ಇನ್ನೊಂದು ಸಂಗತಿ ಹೊರಬಂತು: ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ರ ವಯಸ್ಸಿನಲ್ಲಿ, ಬೇರೆಯವರಿಗೆ ಸುಮಾರು 59ರಲ್ಲಿ. ಐವತ್ತಮೂರು ಅಂದರೆ ಸಾಲ ತೀರಿ, ಮಗ ಇನ್ನೇನು ಗಲ್ಲಾದಲ್ಲಿ ಕೂರುವ ಹೊತ್ತು.

ಆಘಾತವಾದ ಮೇಲೆ ಕೇಳಿದರೆ ಯಾರೂ ಟೆನ್ಶನ್ ಇತ್ತೆಂದೇ ಹೇಳುವರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ 2017ರಲ್ಲಿ ಬಂದ ಬೋಸ್ಟನ್ನಿನ ಅಧ್ಯಯನ ಮುಖ್ಯ. ಅಲ್ಲಿನ ವೈದ್ಯರು 293 ಮಂದಿಯ ಮೆದುಳಿನ ಸ್ಕ್ಯಾನ್ ನೋಡಿ, ಬಳಿಕ ಸುಮಾರು ಮೂರೂವರೆ ವರ್ಷ ಅವರ ಆರೋಗ್ಯವನ್ನು ಗಮನಿಸಿದರು. ಮೆದುಳಿನೊಳಗೆ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಭಯ, ಗಾಬರಿಗಳ ಗಂಟೆ ಬಾರಿಸುವುದು ಅದೇ. ಅದು ಹೆಚ್ಚು ಉರಿಯುತ್ತಿದ್ದವರಲ್ಲಿ ಎಲುಬಿನ ಮಜ್ಜೆ ಚುರುಕಾಗಿ, ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿತ್ತು. ಮುಂದೆ ಹೃದ್ರೋಗ, ಪಾರ್ಶ್ವವಾಯು ಬಂದದ್ದೂ ಅವರಲ್ಲೇ ಹೆಚ್ಚು. ಚಿಕ್ಕ ಅಧ್ಯಯನ, ನಿಜ. ಆದರೂ ಮಂಡೆಯ ಬಿಸಿ ಎದೆಗೆ ಇಳಿಯುವ ದಾರಿ ಅಷ್ಟುಮಟ್ಟಿಗೆ ಕಣ್ಣಿಗೆ ಬಿತ್ತು. ಇದಲ್ಲದೆ ಒತ್ತಡದ ಹಾರ್ಮೋನುಗಳು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಮೇಲೆ ನಮ್ಮ ಅಭ್ಯಾಸಗಳು ಬೇರೆ: ಹೊತ್ತಿಲ್ಲದ ಹೊತ್ತಿನ ಊಟ, ಹತ್ತಾರು ಚಹಾ, ರಾತ್ರಿ ನಿದ್ದೆಗೆಂದು ಎರಡು ಪೆಗ್ಗು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಸಂಬಂಧ ಎರಡೂ ಕಡೆಯಿಂದ ಇದೆ. ಹಲವು ಅಧ್ಯಯನಗಳನ್ನು ಕೂಡಿಸಿದ 2008ರ ವಿಶ್ಲೇಷಣೆಯಂತೆ, ಖಿನ್ನತೆಯುಳ್ಳವರಿಗೆ ಮುಂದೆ ಡಯಾಬಿಟಿಸ್ ಬರುವ ಸಂಭವ ಶೇ. 60ರಷ್ಟು ಹೆಚ್ಚು, ಡಯಾಬಿಟಿಸ್ ಇದ್ದವರಿಗೆ ಖಿನ್ನತೆ ಬರುವ ಸಂಭವ ಶೇ. 15ರಷ್ಟು ಹೆಚ್ಚು. ಆಂಜಿಯೋಪ್ಲಾಸ್ಟಿ ಮಾಡಿಸಿ ಮನೆಗೆ ಬಂದ ಮೇಲೂ ಕತೆ ಮುಗಿಯುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಾಘಾತದಿಂದ ಉಳಿದುಕೊಂಡ 222 ಮಂದಿಯನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಖಿನ್ನರಾದವರು ಆರು ತಿಂಗಳೊಳಗೆ ಸಾಯುವ ಅಪಾಯ ಉಳಿದವರಿಗಿಂತ ನಾಲ್ಕು ಪಟ್ಟು ಇತ್ತು. ಒಂದು ಕಾರಣ ಸರಳ: ಮನಸ್ಸು ಕುಗ್ಗಿದವನು ಗುಳಿಗೆ ನುಂಗುವುದಿಲ್ಲ. ವೈದ್ಯರ ಮಾತು ಬಿಟ್ಟುಬಿಡುವ ಸಂಭವ ಖಿನ್ನರಲ್ಲಿ ಮೂರು ಪಟ್ಟು ಎಂದು 2000ದಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಹೇಳಿದೆ.

ನಮ್ಮ ಗಂಡಸರು 'ನನಗೆ ಬೇಸರವಾಗಿದೆ' ಎಂದು ಬಾಯಿಬಿಡುವುದು ಅಪರೂಪ. ಗ್ಯಾಸ್ ಎನ್ನುತ್ತಾರೆ, ತಲೆಭಾರ ಎನ್ನುತ್ತಾರೆ, ನಿದ್ದೆಯಿಲ್ಲ ಎನ್ನುತ್ತಾರೆ. 2020ರ ಮಾರ್ಚಿನಲ್ಲಿ ಮುಚ್ಚಿದ ಹೊಟೇಲು ಅಕ್ಟೋಬರ್ 5ಕ್ಕೆ ಅರ್ಧ ಕುರ್ಚಿಗಳೊಂದಿಗೆ ತೆರೆಯಿತು. 2021ರ ಏಪ್ರಿಲಿನಲ್ಲಿ ಕುಳಿತು ಉಣ್ಣುವುದು ಮತ್ತೆ ನಿಂತಿತು. ಅಷ್ಟೂ ದಿನ ಬಾಡಿಗೆ, ಬಡ್ಡಿ ಮಾತ್ರ ನಿಲ್ಲಲಿಲ್ಲ. ಆಗ ಕೆಟ್ಟ ನಿದ್ದೆ ವ್ಯಾಪಾರ ಸುಧಾರಿಸಿದ ಮೇಲೂ ಮರಳದಿದ್ದರೆ ಅದು ವೈದ್ಯರಿಗೆ ಹೇಳಬೇಕಾದ ಮಾತು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92.

ಇಲ್ಲೊಂದು ಎಚ್ಚರಿಕೆ. ಎದೆ ಹಿಡಿದುಕೊಂಡರೆ 'ಟೆನ್ಶನ್ ಇರಬೇಕು' ಎಂದು ಸೋಡಾ ಕುಡಿದು ಕೂರಬೇಡಿ. ಮೊದಲು ಇ.ಸಿ.ಜಿ., ಮನಸ್ಸಿನ ವಿಚಾರ ಆಮೇಲೆ.

ಚಿಕಿತ್ಸೆಯಿಂದ ಏನಾಗುತ್ತದೆ ಎಂಬುದನ್ನು ಉಬ್ಬಿಸದೆ ಹೇಳುತ್ತೇವೆ. ಖಿನ್ನತೆಯ ಒಂದು ಸಾಮಾನ್ಯ ಗುಳಿಗೆ, ಸರ್ಟ್ರಲಿನ್, ಹೃದ್ರೋಗಿಗಳಿಗೂ ಸುರಕ್ಷಿತ ಎಂದು 2002ರ ಪ್ರಯೋಗ ತೋರಿಸಿತು. ಹೃದಯಾಘಾತವಾದವರಿಗೆ ಆಪ್ತಸಲಹೆ ಕೊಟ್ಟು ನೋಡಿದ 2003ರ ದೊಡ್ಡ ಪ್ರಯೋಗದಲ್ಲಿ ಮನಸ್ಸು ಸುಧಾರಿಸಿತು, ಆದರೆ ಸಾವುಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಬಿ.ಪಿ. ಗುಳಿಗೆ ಬಿಟ್ಟು ಬರೇ ಧ್ಯಾನ ಮಾಡಿದರಾಯಿತು ಎನ್ನುವವರ ಮಾತು ಕೇಳಬೇಡಿ. ಎರಡೂ ಬೇಕು. ನಡೆಯಲು ಆರೆ ಕಾಲನಿ ನಮ್ಮ ಬಾಗಿಲಲ್ಲೇ ಇದೆ. ಅಂಧೇರಿ, ಬೊರಿವಲಿಯವರೂ ಬಂದು ನಡೆಯುತ್ತಾರೆ. ನಮ್ಮವರಿಗೆ ಮಾತ್ರ ಪುರುಸೊತ್ತಿಲ್ಲ!

ಮಹಾನಗರಪಾಲಿಕೆಯ ಕೂಪರ್, ನಾಯರ್, ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಗೋರೆಗಾಂವ್‌ಗೆ ಹತ್ತಿರದ್ದು ಕೂಪರ್. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ವಿಮಾ ಕಂಪೆನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಮೆಡಿಕ್ಲೈಮ್ ನವೀಕರಿಸುವಾಗ ಏಜೆಂಟರನ್ನು ಈ ಬಗ್ಗೆ ಕೇಳಿ, ಹೊರರೋಗಿ ಖರ್ಚು ಸೇರಿದೆಯೇ ಎಂಬುದನ್ನೂ ಕೇಳಿ.

ಸಂಘದ ಶಿಬಿರಗಳಲ್ಲಿ ಬಿ.ಪಿ., ಶುಗರ್ ನೋಡುವ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಇಡಬಹುದು. ಅಲ್ಲಿ ಕೇಳಬೇಕಾದ್ದು ಎರಡೇ ಪ್ರಶ್ನೆ, ವೈದ್ಯರೇ ಬಳಸುವಂಥವು: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲ ಅನಿಸಿತೇ? ಮನಸ್ಸು ಕುಗ್ಗಿದಂತೆ, ದಿಕ್ಕು ತೋಚದಂತೆ ಅನಿಸಿತೇ? ಹೆಚ್ಚಿನ ದಿನ ಹೌದು ಎಂದವರನ್ನು ವೈದ್ಯರಲ್ಲಿಗೆ ಕಳಿಸಬೇಕು.

ಮಾಲಕರಿಗೆ ಹೇಳಿದ್ದು ಕಿಚನ್ನಿನಲ್ಲಿ ಇರುವವರಿಗೂ ಅನ್ವಯ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಹೊಟೇಲಿನ ಮಾಳಿಗೆಯಲ್ಲೇ ಮಲಗುವ ಹುಡುಗರವರು. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ನಂಬರು 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡವೂ ಹಿಂದಿಯೂ ಸೇರಿ ಅನೇಕ ಭಾಷೆಗಳಲ್ಲಿ ಮಾತಾಡಬಹುದು. ಗ್ಯಾಸ್ ಏಜೆನ್ಸಿ ಮತ್ತು ಅಗ್ನಿಶಾಮಕ ದಳದ ನಂಬರು ಬರೆದಿಟ್ಟ ಗೋಡೆಯಲ್ಲಿ ಅದರ ಕೆಳಗೇ ಇದನ್ನೂ ಬರೆಸಿ, ಹಿಂದಿಯಲ್ಲೂ ಬರೆಸಿ. ಈಗ ನಮ್ಮ ಕಿಚನ್ನಿನಲ್ಲಿ ಕನ್ನಡ ಓದುವವರು ಕಡಿಮೆ.