ಬೆಣ್ಣೆದೋಸೆ ಮುಗಿಯುವಷ್ಟರಲ್ಲಿ 30 ಯೂನಿಟ್

ಶುಕ್ರವಾರ ರಾತ್ರಿ ತುಮಕೂರು ರಸ್ತೆಯ ಟೋಲ್ ದಾಟುವ ಬೆಂಗಳೂರಿನ ಕಾರುಗಳಲ್ಲಿ ಒಂದಿಷ್ಟು ಗೋವಾಕ್ಕೆ ಹೊರಟಿರುತ್ತವೆ. ಅವುಗಳಲ್ಲೂ ಒಂದಿಷ್ಟು ಕ್ಯಾಸಿನೊಗೆಂದೇ ಹೊರಟವು. ಮನೆಯಲ್ಲಿ ‘ಬೀಚಿಗೆ’ ಎಂದು ಹೇಳಿ ಬಂದಿರುತ್ತಾರೆ, ಅದು ಬೇರೆ ಮಾತು. ಗೋವಾದ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಂದ ತಿದ್ದುಪಡಿಗಳಿಂದಾಗಿ ಹಡಗಿನ ಮೇಲೆ ಜೂಜು ಕಾನೂನುಬದ್ಧವಾಯಿತು. ಹಾಗಾಗಿ ಪಣಜಿಯ ಹೆಸರಾದ ಕ್ಯಾಸಿನೊಗಳು ಮಾಂಡೋವಿಯ ನೀರಿನ ಮೇಲೆ ನಿಂತಿವೆ. ಜನರನ್ನು ಸಣ್ಣ ದೋಣಿಗಳು ಒಯ್ಯುತ್ತವೆ, ಕಾರು ದಡದಲ್ಲೇ ಉಳಿಯುತ್ತದೆ. ಈ ಪ್ರವಾಸದಲ್ಲಿ ಜೂಜಾಡುವುದು ದೋಣಿ ಹತ್ತಿದ ಮೇಲೆ ಮಾತ್ರ ಅಂದುಕೊಳ್ಳಬೇಡಿ. ಕಾರು ಎಲೆಕ್ಟ್ರಿಕ್ ಆಗಿದ್ದರೆ ಮೊದಲ ಪಣ ಚಿತ್ರದುರ್ಗದ ಹತ್ತಿರವೇ ಕಟ್ಟಬೇಕಾಗುತ್ತದೆ.

ಲೆಕ್ಕಕ್ಕೆ ಒಂದು ಮಧ್ಯಮ ಕಾರನ್ನು ಇಟ್ಟುಕೊಳ್ಳೋಣ. ಬ್ಯಾಟರಿ 45 ಕಿಲೋವಾಟ್-ಅವರ್, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 45 ಯೂನಿಟ್. ಹೆದ್ದಾರಿಯಲ್ಲಿ ತೊಂಬತ್ತರ ಆಸುಪಾಸಿನ ವೇಗದಲ್ಲಿ ಯೂನಿಟ್ಟಿಗೆ 6.7 ಕಿಲೋಮೀಟರ್ ಕೊಡುತ್ತದೆ ಎನ್ನೋಣ. ಹುಬ್ಬಳ್ಳಿ, ಧಾರವಾಡ, ಅನಮೋಡ ಘಾಟಿ ದಾರಿಯಾಗಿ ಪಣಜಿಗೆ ಸುಮಾರು 580 ಕಿ.ಮೀ. ಮನೆಯಲ್ಲಿ ತುಂಬಿಸಿಕೊಂಡು ಹೊರಟರೂ ದಾರಿಯಲ್ಲಿ ಎರಡು ಸಲ ನಿಲ್ಲಲೇಬೇಕು. ಎಲ್ಲಿ ನಿಲ್ಲಬೇಕೆಂಬುದೇ ಪ್ರಶ್ನೆ.

ಚಿತ್ರದುರ್ಗ 200 ಕಿ.ಮೀ. ದೂರ. ಅಲ್ಲಿಗೆ ಮುಟ್ಟುವಾಗ ಬ್ಯಾಟರಿಯಲ್ಲಿ ಸುಮಾರು ಶೇ. 33 ಉಳಿದಿರುತ್ತದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ‘ಇಲ್ಲೇ ನಿಲ್ಲು’ ಎಂದು ಕರೆದಂತೆ. ಇನ್ನೂ 60 ಕಿ.ಮೀ. ಮುಂದೆ ದಾವಣಗೆರೆ. ಅಲ್ಲಿಗೆ ಹೋದರೆ ಶೇ. 14ರ ಸುಮಾರಿಗೆ ಬಂದಿರುತ್ತೀರಿ. ಎದೆ ಹೊಡೆದುಕೊಳ್ಳುವವರು ಮೊದಲನೆಯದನ್ನೇ ಆರಿಸುತ್ತಾರೆ. ನಾನು ದಾವಣಗೆರೆಯ ಪಕ್ಷ, ಬರೀ ಬೆಣ್ಣೆದೋಸೆಯ ಆಸೆಗಲ್ಲ.

ಕಾರಣ ಬ್ಯಾಟರಿಯೊಳಗಿದೆ. ಚಾರ್ಜ್ ಮಾಡುವುದೆಂದರೆ ಲಿಥಿಯಂ ಅಯಾನುಗಳನ್ನು ಒಂದು ಬದಿಯಿಂದ ಹೊರಡಿಸಿ ಇನ್ನೊಂದು ಬದಿಯ ಗ್ರಾಫೈಟಿನ ಪದರಗಳ ನಡುವೆ ಕೂರಿಸುವುದು. ಖಾಲಿ ಬಸ್ಸು ನಿಲ್ದಾಣಕ್ಕೆ ಬಂದಾಗ ಏನಾಗುತ್ತದೋ ಹಾಗೆಯೇ ಇಲ್ಲೂ. ಮೊದಲ ಇಪ್ಪತ್ತು ಜನ ಬೇಕಾದಲ್ಲಿ ಕೂರುತ್ತಾರೆ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಅಗತ್ಯವೂ ಇರುವುದಿಲ್ಲ. ಮುಕ್ಕಾಲು ತುಂಬಿದ ಮೇಲೆ ಬಂದವನು ‘ಸ್ವಲ್ಪ ಜರುಗಿ’ ಎನ್ನುತ್ತ ಹಿಂದಿನ ಸೀಟಿನವರೆಗೂ ನುಗ್ಗಬೇಕು. ಕಂಡಕ್ಟರ್ ಅವಸರ ಮಾಡಿದರೆ ಉಳಿದವರು ಫುಟ್‌ಬೋರ್ಡಿನಲ್ಲಿ ಜೋತುಬೀಳುತ್ತಾರೆ. ಬ್ಯಾಟರಿಯಲ್ಲೂ ಫುಟ್‌ಬೋರ್ಡ್ ಇದೆ. ಪದರದೊಳಗೆ ಜಾಗ ಸಿಗುವ ಮೊದಲೇ ಬಲವಂತವಾಗಿ ತಳ್ಳಿದ ಲಿಥಿಯಂ ಗ್ರಾಫೈಟಿನ ಹೊರಮೈ ಮೇಲೆ ಲೋಹವಾಗಿ ಕೂತುಬಿಡುತ್ತದೆ. ಹಾಗೆ ಕೂತದ್ದರಲ್ಲಿ ಒಂದಿಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ, ಅಪಾಯವೂ ಇದೆ. ಅದಕ್ಕಾಗಿಯೇ ಕಾರಿನ ಕಂಪ್ಯೂಟರು ಶೇ. 80ರ ಹೊತ್ತಿಗೆ ಕರೆಂಟನ್ನು ತಗ್ಗಿಸುತ್ತದೆ. ಕೊನೆಯ ಶೇ. 20ಕ್ಕೆ ಹಿಡಿಯುವ ಸಮಯದಲ್ಲಿ ಕೆಳಗಿನ ಶೇ. 50 ತುಂಬಿಬಿಡಬಹುದು.

ಈಗ ಎರಡೂ ಊರನ್ನು ಹೋಲಿಸಿ. ದಾವಣಗೆರೆಯಲ್ಲಿ ಶೇ. 14ರಿಂದ 80ಕ್ಕೆ ಏರಿಸಲು 30 ಯೂನಿಟ್ ಬೇಕು. ಎಲ್ಲ ಸರಿಯಿದ್ದರೆ 60 ಕಿಲೋವಾಟ್ ಚಾರ್ಜರಿನಲ್ಲಿ ಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತದೆ. ಚಿತ್ರದುರ್ಗದಲ್ಲಿ ಶೇ. 33ರಿಂದ ಶುರುಮಾಡಿ ಅದೇ 30 ಯೂನಿಟ್ ಹಾಕಿಸಲು ಹೊರಟರೆ ಶೇ. 100ರ ಹತ್ತಿರ ಹೋಗಬೇಕು. ಕೊನೆಯ ನಾಲ್ಕೈದು ಯೂನಿಟ್ಟಿಗಾಗಿ ಎರಡು ಕಾಫಿ ಹೆಚ್ಚಿಗೆ ಕುಡಿಯಬೇಕಾಗುತ್ತದೆ. ಕರೆಂಟು ಅಷ್ಟೇ, ದುಡ್ಡೂ ಸುಮಾರು ಅಷ್ಟೇ, ಸಮಯ ಮಾತ್ರ ಬೇರೆ. ಹಸಿದ ಬ್ಯಾಟರಿ ಗಬಗಬ ತಿನ್ನುತ್ತದೆ. ಅರೆಹೊಟ್ಟೆಯದು ಕೊಸರಾಡುತ್ತದೆ.

‘ಎಲ್ಲ ಸರಿಯಿದ್ದರೆ’ ಎಂದೆನಲ್ಲ, ಆ ಮಾತಿನಲ್ಲಿ ಬಹಳಷ್ಟು ಅಡಗಿದೆ. ನಮ್ಮಲ್ಲಿ ಅನೇಕ 60 ಕಿಲೋವಾಟ್ ಯಂತ್ರಗಳಿಗೆ ಎರಡು ಗನ್ ಇರುತ್ತವೆ. ನೀವು ಒಂದನ್ನು ಚುಚ್ಚಿ ದೋಸೆ ತಿನ್ನಲು ಹೋದ ಮೇಲೆ ಇನ್ನೊಬ್ಬರು ಬಂದು ಎರಡನೆಯದನ್ನು ಚುಚ್ಚಿದರೆ ಇಬ್ಬರಿಗೂ ಮೂವತ್ತು ಮೂವತ್ತು ಹಂಚಿಹೋಗುತ್ತದೆ. ಆ್ಯಪಿನಲ್ಲಿ ಹಸಿರು ಚುಕ್ಕೆ ಕಂಡ ಯಂತ್ರದ ಮುಂದೆ ಹೋಗಿ ನಿಂತರೆ ಅದರ ಸ್ಕ್ರೀನು ಕಪ್ಪಾಗಿದ್ದದ್ದನ್ನು ನಾನೇ ಕಂಡಿದ್ದೇನೆ. ವಾಚ್‌ಮನ್ ಬಂದು, ‘ನಿನ್ನೆಯಿಂದ ಹಂಗೇ ಐತಿ ಸರ್’ ಎಂದ. ಸಾರ್ವಜನಿಕ ಚಾರ್ಜರ್‌ಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ ನಿಜ. ಆದರೆ ಆ ಹೊತ್ತಿಗೆ ನಿಮಗೆ ಬೇಕಾದದ್ದು ಒಂದೇ ಒಂದು. ದಾವಣಗೆರೆಗೆ ಶೇ. 14ರೊಂದಿಗೆ ಹೋಗುವುದು ಅದಕ್ಕೇ ಪಣ. ಊರು ದೊಡ್ಡದು, ಒಂದು ಕೆಟ್ಟರೆ ಇನ್ನೊಂದು ಸಿಗುತ್ತದೆಂಬ ಧೈರ್ಯದ ಮೇಲೆ ಕಟ್ಟುವ ಪಣ. ಒಂದೇ ಚಾರ್ಜರ್ ಇರುವ ಹೆದ್ದಾರಿ ಡಾಬಾವನ್ನು ನಂಬಿ ನಾನು ಅಷ್ಟು ಕೆಳಗಿಳಿಯುವುದಿಲ್ಲ.

ಆ ಶೇ. 14 ಎಂಬುದೂ ಅಂದಾಜೇ. ಈಗ ನಮ್ಮ ರಸ್ತೆಗಳಲ್ಲಿರುವ ಬಹಳಷ್ಟು ಕಾರುಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿದೆ. ಬಾಳಿಕೆ ಹೆಚ್ಚು, ಬೆಂಕಿಗೆ ಅಷ್ಟು ಬೇಗ ಬಗ್ಗುವುದಿಲ್ಲ, ಆದರೆ ಬಾಯಿಬಿಡದ ಜಾತಿ. ಒಂದು ಸೆಲ್ಲಿನ ವೋಲ್ಟೇಜು ಶೇ. 80ರಲ್ಲೂ ಶೇ. 30ರಲ್ಲೂ ಹೆಚ್ಚುಕಡಿಮೆ 3.3ರ ಆಸುಪಾಸಿನಲ್ಲೇ ಇರುತ್ತದೆ. ವೋಲ್ಟೇಜು ನೋಡಿ ಹೊಟ್ಟೆಯಲ್ಲಿ ಎಷ್ಟಿದೆಯೆಂದು ಹೇಳಲಾಗದೆ, ಒಳಗೆ ಹೋದ ಮತ್ತು ಹೊರಗೆ ಬಂದ ಕರೆಂಟನ್ನು ಕಾರು ಎಣಿಸುತ್ತ ಹೋಗುತ್ತದೆ. ಎಣಿಕೆ ತಪ್ಪುತ್ತ ತಪ್ಪುತ್ತ ಹೋಗುತ್ತದೆ. ಆಗಾಗ ಪೂರ್ತಿ ತುಂಬಿಸಿ ಎಂದು ಇಂಥ ಕಾರುಗಳ ತಯಾರಕರು ಹೇಳುವುದು ಆ ಲೆಕ್ಕವನ್ನು ಸರಿಪಡಿಸಿಕೊಳ್ಳಲಿ ಎಂದು.

ಹುಬ್ಬಳ್ಳಿಯಲ್ಲಿ ಎರಡನೆಯ ನಿಲುಗಡೆ. ಅಲ್ಲಿ ಶೇ. 75ರವರೆಗೆ ಹಾಕಿಸಿದರೆ ಪಣಜಿಗೆ ಸಾಕು. ‘ಹೇಗೂ ನಿಂತಿದ್ದೇವೆ, ಫುಲ್ ಮಾಡಿಬಿಡೋಣ’ ಎನ್ನುವವರು ಇರುತ್ತಾರೆ. ಮುಂದೆ ಘಾಟಿಯ ಇಳಿಜಾರಿರುವಾಗ ಕೊನೆಯ ಆ ನಿಧಾನದ ಯೂನಿಟ್ಟುಗಳಿಗಾಗಿ ಕಾಯುವುದು ದಂಡದ ಕೆಲಸ.

ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ, ಪಣಜಿ ಸಮುದ್ರದ ಅಂಚಿನಲ್ಲಿದೆ. ನಾಲ್ವರು ಕೂತ, ಲಗೇಜು ತುಂಬಿದ, ಸುಮಾರು 1,800 ಕೆ.ಜಿ.ಯ ಕಾರು ಅಷ್ಟು ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕೂವರೆ ಯೂನಿಟ್. ಇದರಲ್ಲಿ ಅರ್ಧಕ್ಕೂ ಹೆಚ್ಚು ಘಾಟಿಯೊಂದರಲ್ಲೇ ಸಿಗುತ್ತದೆ. ಪೆಟ್ರೋಲ್ ಕಾರು ಇದನ್ನು ಸೆಕೆಂಡ್ ಗೇರಿನ ನರಳಾಟದಲ್ಲೂ ಬ್ರೇಕಿನ ಬಿಸಿಯಲ್ಲೂ ಸುಟ್ಟುಹಾಕುತ್ತದೆ. ಅನಮೋಡದ ತಿರುವುಗಳಲ್ಲಿ ಲಾರಿಗಳ ಹಿಂದೆ ಬರುವ ಕಮಟು ವಾಸನೆ ಅದೇ. ಎಲೆಕ್ಟ್ರಿಕ್ ಕಾರಿನಲ್ಲಿ ಪೆಡಲಿನಿಂದ ಕಾಲೆತ್ತಿದೊಡನೆ ಮೋಟಾರು ಜನರೇಟರ್ ಆಗುತ್ತದೆ. ಚಕ್ರಗಳೇ ಅದನ್ನು ತಿರುಗಿಸಿ ಕರೆಂಟು ಹುಟ್ಟಿಸುತ್ತವೆ, ವೇಗವೂ ತಗ್ಗುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡೋವಿ. ಆ ನೀರು ಸುಮ್ಮನೆ ಧುಮುಕುವ ಎತ್ತರವನ್ನು ಕಾರು ಸಣ್ಣ ಶರಾವತಿಯಂತೆ ಕರೆಂಟು ಮಾಡಿಕೊಂಡು ಇಳಿಯುತ್ತದೆ. ಆದರೆ ಘಾಟಿಯ ನೆತ್ತಿಯಲ್ಲೇ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗವೆಲ್ಲಿ? ಕಾರು ಅದನ್ನು ಒಲ್ಲೆ ಎನ್ನುತ್ತದೆ, ನೀವು ಲಾರಿಯವರ ಹಾಗೆ ಬ್ರೇಕ್ ತುಳಿಯುತ್ತ ಇಳಿಯಬೇಕಾಗುತ್ತದೆ.

ದಾರಿ ಹುಡುಕುವ ಸಾಫ್ಟ್‌ವೇರಿಗೂ ಈ ಘಾಟಿ ಒಂದು ತಲೆನೋವು. ಅತಿ ಹತ್ತಿರದ ದಾರಿ ಹುಡುಕುವ ಪ್ರಸಿದ್ಧ ವಿಧಾನವನ್ನು ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದರು, 1959ರಲ್ಲಿ ಪ್ರಕಟಿಸಿದರು. ಯಾವ ರಸ್ತೆಯಲ್ಲಿ ಹೋದರೂ ಖರ್ಚು ಆಗಿಯೇ ಆಗುತ್ತದೆ, ಯಾವುದೂ ತಿರುಗಿ ಕೊಡುವುದಿಲ್ಲ ಎಂಬುದು ಅದರ ನಂಬಿಕೆ. ಕಿಲೋಮೀಟರಿಗೆ, ನಿಮಿಷಕ್ಕೆ ಇದು ನಿಜ. ಯೂನಿಟ್ಟಿಗೆ ನಿಜವಲ್ಲ. ಘಾಟಿಯ ತುಂಡುರಸ್ತೆ ಖರ್ಚು ಕೇಳುವ ಬದಲು ಕೈಗೆ ಕಾಸು ಕೊಡುತ್ತದೆ, ಅಲ್ಲಿ ಆ ವಿಧಾನ ಎಡವುತ್ತದೆ. ಪರಿಹಾರವೂ ಸೊಗಸಾಗಿದೆ. ಪ್ರತಿ ಊರಿನ ಎತ್ತರವನ್ನೇ ಆ ಊರಿನ ಠೇವಣಿ ಎಂದು ಬರೆದಿಡಿ. ಇಳಿದು ಗಳಿಸಿದ್ದು ಹೊಸ ಲಾಭವಲ್ಲ, ಬೆಂಗಳೂರಿನಿಂದಲೇ ಹೊತ್ತುಕೊಂಡು ಬಂದ ಠೇವಣಿಯ ಒಂದು ಪಾಲು. ಹಾಗೆ ಲೆಕ್ಕ ತಿದ್ದಿದರೆ ಯಾವ ರಸ್ತೆಯ ಖರ್ಚೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಡೈಕ್‌ಸ್ಟ್ರಾ ಮತ್ತೆ ಕೆಲಸಕ್ಕೆ ಬರುತ್ತಾರೆ.

ವೇಗದ ಬಗ್ಗೆ ಎರಡೇ ಮಾತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಮುಂದಿನ ಚಾರ್ಜರು ಮುಟ್ಟುವುದು ಅನುಮಾನ ಎನಿಸಿದಾಗ ಎಸಿ ಆರಿಸಿ ಬೆವರುವುದಕ್ಕಿಂತ ಇಪ್ಪತ್ತು ಕಿಲೋಮೀಟರ್ ವೇಗ ಇಳಿಸುವುದು ಹೆಚ್ಚು ಉಳಿಸುತ್ತದೆ.

ಪಣಜಿಯಲ್ಲಿ ಅವಸರದ ಚಾರ್ಜರು ಹುಡುಕಬೇಡಿ. ಕ್ಯಾಸಿನೊದವರು ನಿಮ್ಮನ್ನು ಬೆಳಗಿನ ಜಾವದವರೆಗೆ ಬಿಡುವುದಿಲ್ಲ, ಕಾರಿಗೆ ಬೇಕಾದಷ್ಟು ಸಮಯವಿದೆ. ಹೋಟೆಲಿನಲ್ಲಿ 7 ಕಿಲೋವಾಟಿನ ಎಸಿ ಚಾರ್ಜರ್ ಇದ್ದರೆ ಆರೇಳು ಗಂಟೆಯಲ್ಲಿ ತುಂಬುತ್ತದೆ. ಅದಿಲ್ಲದಿದ್ದರೆ ಪಾರ್ಕಿಂಗಿನಲ್ಲಿ ಗೀಸರಿಗೆ ಬಳಸುವಂಥ 15 ಆಂಪಿನ ಪ್ಲಗ್ ಪಾಯಿಂಟ್ ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ರೂಮು ಬುಕ್ ಮಾಡುವಾಗಲೇ ಕೇಳಿ. ಅರ್ಥಿಂಗ್ ಇಲ್ಲದಿದ್ದರೆ ಕಾರು ಒಂದು ಹನಿಯನ್ನೂ ತೆಗೆದುಕೊಳ್ಳುವುದಿಲ್ಲ. ಹೀಗೆ ಎಸಿ ಕರೆಂಟು ಬ್ಯಾಟರಿಯ ಡಿಸಿ ಆಗುವಾಗ, ತಂತಿ ಬಿಸಿಯಾಗುವಾಗ ನೂರಕ್ಕೆ ಹತ್ತರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ, ಅಲ್ಲಿ ಕ್ಯಾಸಿನೊದ ಪಾಲು ನೂರಕ್ಕೆ 2.7. ಎರಡು ಸೊನ್ನೆಯದಾದರೆ 5.26. ಕಮಿಷನ್ ಹೊಡೆಯುವುದರಲ್ಲಿ ಕ್ಯಾಸಿನೊಗಿಂತ ಚಾರ್ಜಿಂಗೇ ಮುಂದು. ಚಾರ್ಜಿಂಗಿನಲ್ಲಿ ಅದು ಒಂದೇ ಸಲ, ರೂಲೆಟ್ಟಿನಲ್ಲಿ ಪ್ರತಿ ಸುತ್ತಿಗೂ.

ಹಿಂದಿರುಗುವಾಗ ಮಾತ್ರ ಶೇ. 100 ತುಂಬಿಸಿಕೊಂಡೇ ಹೊರಡಿ, ಮುಂದಿರುವುದು ಏರು. ಮಳೆಗಾಲವಾದರೆ ಇನ್ನೂ ಒಂದು ಕಾರಣವಿದೆ. ಗುಡ್ಡ ಕುಸಿದು ಘಾಟಿ ಬಂದ್ ಆದರೆ ಸುತ್ತುಬಳಸಿ ಹೋಗಬೇಕಾದೀತು. ಮೊಲ್ಲೆಂ ದಾಟಿ ತಿರುವುಗಳು ಶುರುವಾದೊಡನೆ ಸ್ಕ್ರೀನಿನ ಮೇಲೆ ‘ಇನ್ನು ಇಷ್ಟು ಕಿ.ಮೀ.’ ಎಂಬ ಅಂಕಿ ದಡದಡನೆ ಬೀಳುತ್ತದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ನಾಲ್ಕು ಕಿಲೋಮೀಟರ್ ಮಾಯ. ಪಕ್ಕದಲ್ಲಿ ಕೂತವರು ಹೌಹಾರುತ್ತಾರೆ. ಈಗಿನ ಏರನ್ನು ನೋಡಿ ಮುಂದೆಲ್ಲ ಹೀಗೇ ಇರುತ್ತದೆಂದು ಕಾರು ಎಣಿಸಿಕೊಂಡಿದೆ, ಅಷ್ಟೇ. ಅನಮೋಡದ ಚೆಕ್‌ಪೋಸ್ಟ್ ಕಳೆದು ದಾರಿ ಸಮವಾದ ಮೇಲೆ ಅಂಕಿ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ತಾನಾಗಿಯೇ ಒಂದೆರಡು ಏರುತ್ತದೆ. ಧಾರವಾಡದಲ್ಲಿ ಫೇಡೆಗೆ ಐದು ನಿಮಿಷ ನಿಂತರೂ ಹುಬ್ಬಳ್ಳಿಗೆ ಶೇ. 30ರ ಸುಮಾರಿನಲ್ಲಿ ಮುಟ್ಟುತ್ತೀರಿ. ಗನ್ ಚುಚ್ಚಿ ಗಿರಮಿಟ್ ತಿನ್ನಲು ಹೊರಡಿ. ಪಕ್ಕದ ಗನ್ ಖಾಲಿಯಿದೆಯೇ ಎಂದು ಒಮ್ಮೆ ನೋಡಿಕೊಂಡು.